ಹಿಂದಿನ ಸೀಟಿನ ಎತ್ತರ

ಬಡಗಿಯ ಲೆಕ್ಕದಲ್ಲಿ ಅದು ಬಲು ಸುಲಭದ ಕೆಲಸವಾಗಿತ್ತು. ಕುರ್ಚಿ ಎತ್ತರವಾದರೆ ಕಾಲು ಕೊಯ್ಯುತ್ತೇವೆ. ಕಾರು ಎತ್ತರವಾದರೆ ಸ್ಪ್ರಿಂಗು ಕೊಯ್ಯುವುದು. ಅದರಲ್ಲೇನಿದೆ?

ಅವನದು ಬೆನ್ನು ಉದ್ದವಿದ್ದ ಹಳೆಯ ವ್ಯಾಗನ್ನು. ಹಲಗೆ, ಬೀರು, ಬಾಗಿಲ ಚೌಕಟ್ಟು ಹೇರಲೆಂದೇ ಕೊಂಡದ್ದು. ಭಾರ ಹೊರಲು ಹುಟ್ಟಿದ ಗಾಡಿಯಾದ್ದರಿಂದ ಖಾಲಿ ಇದ್ದಾಗ ಹಿಂಭಾಗ ಎತ್ತಿಕೊಂಡು, ಮೂಗು ತಗ್ಗಿಸಿ, ನೆಲ ಮೂಸುವ ನಾಯಿಯ ಹಾಗೆ ನಿಂತಿರುತ್ತಿತ್ತು. ಅದರ ಹಿಂದಿನ ಸೀಟಿಗೆ ಮಾವ ಹತ್ತಲಾರದೆ ಹೋದದ್ದೇ ಇಷ್ಟಕ್ಕೆಲ್ಲ ಮೂಲ.

ಮಾವ ಬಸ್ಸಿನ ಡ್ರೈವರಾಗಿದ್ದವರು. ನಿವೃತ್ತರಾದ ಮೇಲೆ ಮಗಳ ಮನೆಯಲ್ಲೇ ಇದ್ದರು. ಬಲಗಡೆಯ ಸೊಂಟದ ಕೀಲಿಗೆ ಆಪರೇಷನ್ ಆದಮೇಲಂತೂ ಅಳಿಯ ಅಳತೆ ನೋಡಿ ಮಾಡಿಕೊಟ್ಟ ಕುರ್ಚಿ ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ. ಕುಳ್ಳಗಿನ ಆಳು, ಆ ಕುರ್ಚಿಯಲ್ಲಿ ಮಾತ್ರ ಅವರ ಪಾದ ನೆಲಕ್ಕೆ ಪೂರ್ತಿ ಊರುತ್ತಿತ್ತು, ಮಂಡಿ ನೋಯುತ್ತಿರಲಿಲ್ಲ, ಏಳುವಾಗ ಯಾರ ಕೈಯೂ ಬೇಕಿರಲಿಲ್ಲ. ಬೆಳಿಗ್ಗೆ ಆ ಕುರ್ಚಿ ಬಡಗಿಯ ಕೆಲಸದ ಶೆಡ್ಡಿನ ಬಾಗಿಲಿಗೆ ಬರುತ್ತಿತ್ತು, ಸಂಜೆ ಮನೆಯೊಳಗೆ ಹೋಗುತ್ತಿತ್ತು. ದಿನವಿಡೀ ಅಳಿಯ ಉಜ್ಜುಗೊರಡು ಹಾಕುತ್ತಿದ್ದ, ಮಾವ ನೋಡುತ್ತಿದ್ದರು. ಇಬ್ಬರ ನಡುವೆ ಬೀಳುತ್ತಿದ್ದದ್ದು ಮರದ ಹೊಟ್ಟು, ಮಾತಲ್ಲ. ಅದರಿಂದ ಇಬ್ಬರಿಗೂ ಏನೂ ಕಡಿಮೆಯಾದಂತಿರಲಿಲ್ಲ.

ಕಡಿಮೆಯಾಗುತ್ತಿದ್ದದ್ದು ಬಡಗಿಯ ಹೆಂಡತಿಗೆ. ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. "ಬೆಳಗಿಂದ ಸಾಯಂಕಾಲದ ತನಕ ಊರವರ ಬಾಯಿ ತೆರೆಸ್ತೀನಿ," ಎನ್ನುತ್ತಿದ್ದಳು, ಚಹಾದ ಲೋಟಗಳನ್ನು ಇಬ್ಬರ ಮುಂದೆ ಕುಕ್ಕುತ್ತ. "ಮನೇಲಿ ಇರೋದೇ ಎರಡು ಬಾಯಿ. ಎರಡಕ್ಕೂ ಬೀಗ."

ಮಾವನಿಗೆ ಒಬ್ಬನೇ ಗೆಳೆಯ: ಅವರ ಬಸ್ಸಿನಲ್ಲೇ ನೌಕರಿ ಮುಗಿಸಿದ ಕಂಡಕ್ಟರು. ಊರಾಚೆ ಗುಡ್ಡದ ಮೇಲೆ ಮನೆ. ಕಣ್ಣು ಮಂಜಾಗಿದ್ದರಿಂದ ಅವರು ಕೆಳಗಿಳಿದು ಬರುವಂತಿರಲಿಲ್ಲ. ಆಪರೇಷನ್ನಿಗೆ ಮುಂಚೆ ಮಾವನೇ ವಾರಕ್ಕೊಮ್ಮೆ ಹೋಗುತ್ತಿದ್ದರು. ಈಗ ಉಳಿದದ್ದು ಫೋನು. ಅದು ಅವರಿಬ್ಬರಿಗೂ ಒಗ್ಗುವ ವಸ್ತುವಲ್ಲ.

"ಎದುರಿಗಿದ್ರೆ ಸುಮ್ನೆ ಕೂತ್ಕೋಬಹುದು," ಎಂದಿದ್ದರು ಮಾವ ಒಮ್ಮೆ. "ಫೋನಲ್ಲಿ ಸುಮ್ನಿದ್ರೆ ಅವನು ಹಲೋ ಹಲೋ ಅಂತಾನೆ."

ಬಡಗಿಗೆ ಆ ಮಾತು ಕೂಡಲೇ ಅರ್ಥವಾಗಿತ್ತು. ಅದಕ್ಕೇ ಅವರನ್ನು ಗುಡ್ಡದ ಮನೆಗೆ ಕರೆದೊಯ್ಯಬೇಕೆಂದು ಹಟ ಹಿಡಿದ. ಬಾಡಿಗೆ ಕಾರು ಮಾವನಿಗೆ ಬೇಡ; ಗುರುತಿಲ್ಲದವರ ಕೈಯಲ್ಲಿ ಸ್ಟೇರಿಂಗ್ ಇದ್ದರೆ ಅವರಿಗೆ ಬೆವರುತ್ತಿತ್ತು. ಅಳಿಯನ ಪಕ್ಕ ಮುಂದೆ ಕೂತರೂ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಸೊಂಟ ಹಿಡಿಯುತ್ತಿತ್ತು. ಉಳಿದದ್ದು ಹಿಂದಿನ ಸೀಟು. ಅದಕ್ಕೆ ಹತ್ತಲು ಹೋಗಿ ಒಂದು ಕಾಲು ಒಳಗೆ, ಒಂದು ಹೊರಗೆ, ಎರಡು ಕೈಯಲ್ಲೂ ಬಾಗಿಲು ಹಿಡಿದು ನೇತಾಡುವಂತಾಯಿತು. ಬಡಗಿ ಮೆಟ್ಟಿಲು ಮಣೆ ಮಾಡಿಕೊಟ್ಟ. ಹತ್ತಿದ್ದೇನೋ ಆಯಿತು, ಅಷ್ಟರಲ್ಲಿ ತಲೆ ಚಾವಣಿಗೆ ಬಡಿಯಿತು. ಮಾವ ತಲೆ ಸವರಿಕೊಂಡು ಇಳಿದು, ಒಳಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಬಡಗಿ ಕುರ್ಚಿಯ ಎತ್ತರ ಅಳೆದ. ಹೊರಗೆ ಹೋಗಿ ಸೀಟಿನ ಎತ್ತರ ಅಳೆದ. ನಾಲ್ಕು ಬೆರಳಿನ ಅಂತರ. ನಾಲ್ಕು ಬೆರಳಿಗಾಗಿ ಒಬ್ಬ ಮನುಷ್ಯ ಮನೆಯಲ್ಲಿ ಕೊಳೆಯಬೇಕೆ?

ಗ್ಯಾರೇಜಿನವನಿಗೆ ಎಲ್ಲರೂ ಗುಡುಗು ಎನ್ನುತ್ತಿದ್ದರು. ಎಂಜಿನುಗಳ ಸದ್ದಿನಲ್ಲೇ ವಯಸ್ಸು ಕಳೆದು, ಪಕ್ಕದಲ್ಲಿದ್ದವರ ಜೊತೆಗೂ ರಸ್ತೆಯಾಚೆಯವರನ್ನು ಕರೆಯುವ ಹಾಗೆ ಮಾತಾಡುತ್ತಿದ್ದ.

"ಹಿಂದುಗಡೆ ಇಳಿಸ್ಬೇಕಾ? ಈ ವಯಸ್ಸಲ್ಲಿ ಏನಯ್ಯಾ ನಿನಗೆ ಷೋಕಿ!"

"ನನಗಲ್ಲ. ಮಾವನಿಗೆ."

"ಮಾವನಿಗೆ ಷೋಕಿನಾ! ಭಲೇ!"

ಬಡಗಿ ಕಾರಣ ಹೇಳಿದ. ಗುಡುಗು ನಕ್ಕದ್ದು ನಿಲ್ಲಿಸಿ ಕಾರಿನ ಕೆಳಗೆ ಬಗ್ಗಿದ. "ಕೊಯ್ದರೆ ಸ್ಪ್ರಿಂಗು ಬಿರುಸಾಗುತ್ತೆ, ಎತ್ತಿ ಹಾಕುತ್ತೆ. ಗಿಡ್ಡದ್ದೇ ತರಿಸ್ತೀನಿ, ತಡಿ."

"ಯಾವಾಗ ಬರುತ್ತೆ?"

"ಬಂದಾಗ ಬರುತ್ತೆ."

"ಕೊಯ್ದುಬಿಡು," ಎಂದ ಬಡಗಿ.

ಆ ಸಂಜೆ ಕಾರು ಮನೆ ಮುಂದೆ ಬಂದು ನಿಂತಾಗ ಅದರ ಹಿಂಭಾಗ ಕೂತಿತ್ತು, ಮೂಗು ಆಕಾಶ ನೋಡುತ್ತಿತ್ತು. ಮಾವ ಕೋಲೂರಿಕೊಂಡು ಬಂದರು. ಬಾಗಿಲಿಗೆ ಬೆನ್ನು ತಿರುಗಿಸಿ ಕೂತರು. ಕುರ್ಚಿಯಲ್ಲಿ ಕೂತ ಹಾಗೇ ಕೂತರು. ಕಾಲುಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಂಡರು. ಎಲ್ಲಿಗೂ ಹೊರಡದ ಆ ಕಾರಿನಲ್ಲಿ ಬಹಳ ಹೊತ್ತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಬಡಗಿ ಬಾಗಿಲಿಗೆ ಒರಗಿ ನಿಂತಿದ್ದ.

"ಸರಿಯಾಗಿದೆ ಅಳಿಯಂದ್ರೇ," ಎಂದರು ಕೊನೆಗೆ. ಅವರ ಮಟ್ಟಿಗೆ ಅದು ಭಾಷಣ.

ಭಾನುವಾರ ಹೋಗುವುದೆಂದು ಕಂಡಕ್ಟರಿಗೆ ಫೋನಾಯಿತು.

ತೊಂದರೆಗಳು ಮಾರನೆಯ ದಿನದಿಂದಲೇ ಒಂದರ ಹಿಂದೊಂದು ಬಂದವು. ಕತ್ತಲಾಗುತ್ತಿದ್ದಂತೆ ದೀಪ ಹಾಕಿದರೆ ಬೆಳಕು ರಸ್ತೆಯನ್ನು ಬಿಟ್ಟು ಎದುರು ಮನೆಯ ಮಹಡಿಗೆ ಹೋಯಿತು. "ಯಾರದು, ನಮ್ಮ ಮಲಗೋ ಕೋಣೇಲಿ ಏನು ಹುಡುಕ್ತಿದೀರಿ?" ಎಂದು ಮಹಡಿಯವರು ಕೂಗಿದರು. ಬಡಗಿ ದೀಪದ ತಿರುಪು ತಿರುಗಿಸಿ ಬೆಳಕನ್ನು ಕೆಳಗಿಳಿಸಿದ. ರಸ್ತೆಯ ಹಂಪುಗಳ ಮೇಲೆ ಹಿಂಭಾಗ ಕುಕ್ಕಿತು. ನಿಧಾನಕ್ಕೆ ಹತ್ತಿಸುವುದನ್ನು ರೂಢಿಸಿಕೊಂಡ. ಹಲಗೆ ಹೇರಿಕೊಂಡು ತಿರುವಿನಲ್ಲಿ ಹೋದಾಗ ಟೈರು ಒಳಗಿನ ತಗಡಿಗೆ ಉಜ್ಜಿ ಕಿರುಗುಟ್ಟಿತು. ತಗಡಿನ ಅಂಚನ್ನು ಸುತ್ತಿಗೆಯಿಂದ ಬಡಿದು ಮಡಿಸಿದ. ಅವನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಹೊಸ ಬಾಗಿಲು ಕೂರಿಸುವಾಗಲೂ ಹೀಗೆಯೇ: ಎಲ್ಲಿ ಹಿಡಿಯುತ್ತದೆ ನೋಡು, ಅಲ್ಲಿ ಕೆರೆ, ಮತ್ತೆ ಮುಚ್ಚಿ ನೋಡು.

ಶುಕ್ರವಾರ ಹೆಂಡತಿಯನ್ನು ಕೆಲಸದಿಂದ ಕರೆತರುವಾಗ ಮಳೆ ಹನಿಯುತ್ತಿತ್ತು. ಮಾರುಕಟ್ಟೆಯ ಇಳಿಜಾರಿನಲ್ಲಿ ಕೆಂಪು ದೀಪ ಬಿತ್ತು. ಅವನು ಬ್ರೇಕು ಒತ್ತಿದ. ಕಾರಿನ ಹಿಂಭಾಗ, ತನಗೆ ಬೇರೆ ಕಡೆ ಕೆಲಸವಿದೆ ಎನ್ನುವ ಹಾಗೆ, ಪಕ್ಕಕ್ಕೆ ಸರಿಯಿತು. ಎದುರಿಗಿದ್ದ ಔಷಧಿ ಅಂಗಡಿ ಮೆಲ್ಲಗೆ ಎಡಕ್ಕೆ ಜಾರಿ, ಅದರ ಜಾಗಕ್ಕೆ ಹೂವಿನ ಅಂಗಡಿ ಬಂತು. ಕಾರು ರಸ್ತೆಗೆ ಅಡ್ಡಲಾಗಿ ನಿಂತಿತು.

ಹಿಂದೆ ಬಂದ ಹಾಲಿನ ವ್ಯಾನಿನವನು ತಲೆ ಹೊರಗೆ ಹಾಕಿ, "ಏನ್ ಸ್ವಾಮಿ, ಗೇಟು ಹಾಕಿದೀರಾ?" ಎಂದ.

ಹೆಂಡತಿ ಮನೆ ಸೇರುವವರೆಗೂ ಮಾತಾಡಲಿಲ್ಲ. ಆ ಮನೆಯಲ್ಲಿ ಮೌನ ಹೊಸದಲ್ಲ; ಅವಳ ಮೌನ ಹೊಸದು. ಕೈಚೀಲವನ್ನು ಮೊಳೆಗೆ ನೇತುಹಾಕಿ ಅವಳು ಹೇಳಿದಳು: "ಅಪ್ಪ ಈ ಕಾರಲ್ಲಿ ಕೂರಲ್ಲ. ಗುಡ್ಡದ ರಸ್ತೇಲಿ ಹೀಗಾದ್ರೆ ಏನು ಗತಿ? ಮೊದಲಿನ ಹಾಗೇ ಎತ್ತರಿಸಿ."

"ಎತ್ತರಿಸಿದ್ರೆ ಅವರಿಗೆ ಹತ್ತೋಕಾಗಲ್ಲ."

"ಹತ್ತದಿದ್ರೆ ಮನೇಲಿರ್ತಾನೆ. ಎರಡು ಕೈ ಎರಡು ಕಾಲು ಸರಿಯಾಗಿ ಇಟ್ಕೊಂಡು ಇರ್ತಾನೆ."

ಬಡಗಿ ಎದ್ದು ಶೆಡ್ಡಿಗೆ ಹೋದ. ಮಾವ ಕುರ್ಚಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರು ಫೋನೆತ್ತಿಕೊಂಡದ್ದು ಶೆಡ್ಡಿಗೆ ಕೇಳಿಸಿತು. "ಈ ಭಾನುವಾರ ಆಗಲ್ಲ ಕಣೋ." ಆಮೇಲೆ ಏನೂ ಇಲ್ಲ. ಆಮೇಲೆ, "ಇದೀನಿ, ಇದೀನಿ, ಎಲ್ಲೂ ಹೋಗಿಲ್ಲ."

ಬಡಗಿ ಒಳಗೆ ಬಂದು ಹೆಂಡತಿಗೆ ಹೇಳಿದ: "ಇನ್ನೊಂದು ವಾರ ಕೊಡು. ಸರಿಹೋಗದಿದ್ರೆ ಹೊಸ ಸ್ಪ್ರಿಂಗು ಹಾಕಿಸಿ ಎತ್ತರಿಸ್ತೀನಿ. ಅಲ್ಲೀತನಕ ಅವರನ್ನ ಕೂರಿಸಲ್ಲ."

ಅವಳು ಅವನ ಮುಖ ನೋಡಿ, "ಒಂದೇ ವಾರ," ಎಂದಳು.

ಗುಡುಗು ಟೈರು ನೋಡಿದ, ಚಕ್ರದ ನೇರ ನೋಡಿದ, ಕೊಯ್ದ ಸ್ಪ್ರಿಂಗಿಗೆ ಹೊಂದುವ ಹೊಸ ಶಾಕ್ ಅಬ್ಸಾರ್ಬರ್ ಹಾಕಿದ. ಕುಲುಕಾಟ ಎಷ್ಟೋ ಕಡಿಮೆಯಾಯಿತು. ಒದ್ದೆ ನೆಲದಲ್ಲಿ ಬ್ರೇಕು ಒತ್ತಿದರೆ ಹಿಂಭಾಗ ಮಾತ್ರ ಮತ್ತೆ ತನ್ನ ದಾರಿ ಹಿಡಿಯುತ್ತಿತ್ತು. "ದೆವ್ವ ಹೊಕ್ಕಿದೆ ಕಣಯ್ಯಾ!" ಎಂದು ಗುಡುಗಿ ಕೈಯೊರೆಸಿಕೊಂಡ.

ವಾರದ ನಡುವೆ ಬಡಗಿ ಒಂದು ಭಾರಿ ಬೀರು ಹೇರಿಕೊಂಡು ಹೋದ. ಅಂದೂ ಮಳೆ. ಅವನು ಉಸಿರು ಹಿಡಿದು ಬ್ರೇಕು ಒತ್ತಿದಲ್ಲೆಲ್ಲ ಕಾರು ಗೆರೆ ಎಳೆದ ಹಾಗೆ ನೇರ ನಿಂತಿತು. ಬೀರು ಇಳಿಸಿ ವಾಪಸು ಬರುವಾಗ ಮೊದಲ ತಿರುವಿನಲ್ಲೇ, ಬ್ರೇಕು ಒತ್ತುತ್ತಲೂ ಹಿಂಭಾಗ ಜಾರಿತು.

ಮರುದಿನ ಹಲಗೆಗೆ ಉಜ್ಜುಗೊರಡು ಹಾಕುತ್ತ ಅವನು ಇದನ್ನು ಮಾವನಿಗೆ ಹೇಳಿದ. ಸಲಹೆ ಕೇಳಬೇಕೆಂದೇನಲ್ಲ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಹೇಳಿದ. ಮಾವ ಬಾಗಿಲ ಬಿಸಿಲಿನಲ್ಲಿ ಕೂತಿದ್ದರು. ಹಲಗೆಯ ಒಂದು ಬದಿ ಪೂರ್ತಿ ನುಣುಪಾಗುವ ತನಕ ಅವರು ಮಾತಾಡಲಿಲ್ಲ.

"ಭಾರ ಇದ್ರೆ ಸರಿ ನಿಲ್ಲುತ್ತೆ."

"ಹೌದು."

"ಖಾಲಿ ಇದ್ರೆ ಜಾರುತ್ತೆ."

"ಹೌದು."

ಬಡಗಿ ಹಲಗೆ ಮಗುಚಿದ. ಮಾವ ಪ್ಯಾಂಟಿನ ಮೇಲೆ ಬಿದ್ದ ಹೊಟ್ಟನ್ನು ಒಂದೊಂದಾಗಿ ಆರಿಸಿ ಹಾಕಿದರು. "ಹಾಗಾದ್ರೆ ಖಾಲಿ ಇರೋದು ಅದಕ್ಕೆ ಗೊತ್ತಿಲ್ಲ," ಎಂದರು. ಮೂಗುದಾರ ಹಾಕಿದ ಎತ್ತಿನ ಬಗ್ಗೆ ಆಡಿದ ಹಾಗೆ ಗಾಡಿಗಳ ಬಗ್ಗೆ ಮಾತಾಡುವುದು ಅವರ ಹಳೆಯ ಚಾಳಿ. ತಮಾಷೆಗೆ ಹೇಳಿದರೋ ಏನೋ, ತುಟಿಯ ಕೊನೆ ಕೊಂಚ ಅಲುಗಿತು.

ಬಡಗಿ ಇನ್ನೆರಡು ಸಲ ಉಜ್ಜುಗೊರಡು ಎಳೆದ. ಮೂರನೆಯ ಸಲ ಕೈ ಅರ್ಧದಲ್ಲೇ ನಿಂತಿತು. ಕಾರಿಗೆ ಗೊತ್ತಾಗುವುದಾದರೂ ಹೇಗೆ? ಗೊತ್ತಾಗುವ ದಾರಿಯೊಂದು ಇರಬೇಕಲ್ಲ?

ಅವನು ಒಂದು ಹಳೆಯ ಚೀಲ ಹಾಸಿಕೊಂಡು ಕಾರಿನ ಹಿಂಭಾಗದ ಕೆಳಗೆ ತೆವಳಿದ. ಮೊದಲು ಕೆಸರು, ತುಕ್ಕು, ಕೊಳವೆಗಳು. ಕಣ್ಣು ಹೊಂದಿಕೊಂಡಮೇಲೆ ಒಂದು ಸಣ್ಣ ಕಂಬಿ ಕಾಣಿಸಿತು. ಅದರ ಒಂದು ತುದಿ ಚಕ್ರಗಳ ನಡುವಿನ ಆಕ್ಸಲಿಗೆ, ಇನ್ನೊಂದು ತುದಿ ಮೇಲೆ ಕಾರಿನ ಮೈಗೆ ಅಂಟಿಕೊಂಡ ಮುಷ್ಟಿಯಷ್ಟು ದಪ್ಪದ ಒಂದು ಲೋಹದ ಡಬ್ಬಿಗೆ. ಆ ಡಬ್ಬಿಯೊಳಗೆ ಬ್ರೇಕಿನ ಕೊಳವೆ ಹೋಗಿ, ಹೊರಬಂದು, ಹಿಂದಿನ ಚಕ್ರಗಳ ಕಡೆ ಸಾಗಿತ್ತು. ಹಿಂಭಾಗ ಕೆಳಗೆ ಕೂತಷ್ಟೂ ಕಂಬಿ ಡಬ್ಬಿಯ ಹಿಡಿಯನ್ನು ಮೇಲಕ್ಕೆ ದಬ್ಬುತ್ತಿತ್ತು. ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡು ನಲ್ಲಿಯನ್ನು ತೆರೆದು ಮುಚ್ಚುವ ಹಾಗೆ. ಬಡಗಿ ಅಂಗಾತ ಮಲಗಿಯೇ ನಗತೊಡಗಿದ.

"ಏನಾಯ್ತು?" ಎಂದರು ಮಾವ, ಹೊರಗೆ ಕಾಣುತ್ತಿದ್ದ ಎರಡು ಚಪ್ಪಲಿಗಳನ್ನು ನೋಡುತ್ತ.

"ನೀವು ಹೇಳಿದ್ದೇ ಆಯ್ತು ಮಾವ."

ಗುಡುಗು ಬಂದು ಬಗ್ಗಿ ನೋಡಿದವನೇ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ತಲೆಗಿಷ್ಟು! ಭಾರದ ವಾಲ್ವು! ನಾನು ದಿನಾ ನೋಡೋ ಸಣ್ಣ ಕಾರುಗಳಲ್ಲಿ ಇದು ಇರಲ್ಲ, ಮರೆತೇ ಹೋಯ್ತು." ರಸ್ತೆಯಲ್ಲಿ ಹೋಗುತ್ತಿದ್ದವರಿಗೂ ತಿಳಿಯುವಂತೆ ವಿವರಿಸಿದ: ಭಾರ ಹೇರಿದರೆ ಹಿಂಭಾಗ ಕೂರುತ್ತದೆ, ಆಗ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕು ಬೇಕು, ವಾಲ್ವು ಕೊಡುತ್ತದೆ. ಖಾಲಿಯಾದರೆ ಹಿಂಭಾಗ ಏಳುತ್ತದೆ, ವಾಲ್ವು ಕಡಿಮೆ ಮಾಡುತ್ತದೆ. "ನಾವು ಸ್ಪ್ರಿಂಗು ಕೊಯ್ದು ಕೂರಿಸಿಬಿಟ್ವಿ. ಇದು, ಹಿಂದೆ ಯಾರೋ ಕೂತಿದಾರೆ, ಹಿಂದೆ ಯಾರೋ ಕೂತಿದಾರೆ ಅಂದ್ಕೊಂಡು ಬ್ರೇಕು ಕೊಡ್ತಾ ಇದೆ ಕಣಯ್ಯಾ! ಖಾಲಿ ಗಾಡಿಯ ಹಗುರ ಚಕ್ರ ಗಪ್ಪಂತ ನಿಲ್ಲುತ್ತೆ, ಜಾರುತ್ತೆ!"

ಖಾಲಿ ಸೀಟಿನಲ್ಲಿ ಒಬ್ಬರು ಕೂತಿದ್ದಾರೆಂದು ನಂಬಿ ಇಷ್ಟು ದಿನ ಓಡಿದ ಕಾರನ್ನು ಬಡಗಿ ನೋಡಿದ. ಅದರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ತಾನೂ ಅದೇ ನಂಬಿಕೆಯಲ್ಲೇ ಓಡಾಡಿದ್ದನಲ್ಲ, ಕನ್ನಡಿಯಲ್ಲಿ ಆ ಸೀಟನ್ನು ಆಗಾಗ ನೋಡುತ್ತ.

ಕಾರು ಎಷ್ಟು ಕೂತಿತ್ತೋ ಅಷ್ಟೇ ಆ ಕಂಬಿಯ ಬುಡವನ್ನು ಕೆಳಗಿಳಿಸಬೇಕು. ಆ ನಾಲ್ಕು ಬೆರಳನ್ನು ಬಡಗಿ ಒಂದು ಮರದ ತುಂಡಿನಲ್ಲಿ ಕೊಯ್ದು ಕೊಟ್ಟ. ಗುಡುಗು ಅದಕ್ಕೆ ಹೊಂದುವ ಕಬ್ಬಿಣದ ಪಟ್ಟಿ ಬಗ್ಗಿಸಿ ಬೋಲ್ಟು ಬಿಗಿದ. ಒತ್ತಡದ ಮೀಟರು ಹಾಕಿ, ಸಡಿಲಿಸಿ, ಬಿಗಿದು, ಬೈದು, ಮತ್ತೆ ಸಡಿಲಿಸಿ, ಮಧ್ಯಾಹ್ನವೆಲ್ಲ ಅದರಲ್ಲೇ ಕಳೆಯಿತು.

ಶೆಡ್ಡಿನ ಹಿಂದೆ ಮುಚ್ಚಿಹೋದ ಮರದ ಡಿಪೋದ ಬಯಲಿತ್ತು. ಹೆಂಡತಿ ಕೆಲಸದಿಂದ ಬರುವಷ್ಟರಲ್ಲಿ ಬಡಗಿ ಕೊಳವೆ ಹಿಡಿದು ಅದರ ಸಿಮೆಂಟು ನೆಲವನ್ನೆಲ್ಲ ತೋಯಿಸಿದ್ದ. ಮುಂದಿನ ಟೈರಿಗೊಂದು, ಹಿಂದಿನ ಟೈರಿಗೊಂದು ಸೀಮೆಸುಣ್ಣದ ದಪ್ಪ ಗೆರೆ ಎಳೆದಿದ್ದ. ಯಾವ ಚಕ್ರ ಮೊದಲು ನಿಲ್ಲುತ್ತದೆಂದು ದೂರದಿಂದಲೇ ಕಾಣಬೇಕು. ಮುಂದಿನದು ಮೊದಲು ನಿಂತರೆ ಕಾರು ನೇರ, ಹಿಂದಿನದು ಮೊದಲು ನಿಂತರೆ ಅಡ್ಡ. ಮಾವನ ಕುರ್ಚಿ ಬಯಲಿನ ಅಂಚಿಗೆ ಬಂದಿತ್ತು. ಅವರು ಅಂದು ಕನ್ನಡಕ ಒರೆಸಿ ಹಾಕಿಕೊಂಡಿದ್ದರು.

"ಇಳೀರಿ," ಎಂದಳು ಹೆಂಡತಿ, ಸ್ಟೇರಿಂಗ್ ಹಿಡಿದು ಕೂತಿದ್ದ ಗಂಡನಿಗೆ. "ಓಡಿಸೋದು ನಾನು."

"ನೀನ್ಯಾಕೆ?"

"ನಂಬಿಕೆ ಬರಬೇಕಾದ್ದು ಯಾರಿಗೆ? ನಿಮಗೋ ನನಗೋ?"

ಬಡಗಿ ಇಳಿದು ಮಾವನ ಪಕ್ಕ ನಿಂತ. ಅವಳು ಕೆಲಸದ ಬಿಳಿ ಕೋಟಿನಲ್ಲೇ ಕೂತು ಬಯಲಿನ ಆ ತುದಿಗೆ ಹೋಗಿ, ತಿರುಗಿಸಿಕೊಂಡು, ಜೋರಾಗಿ ಬಂದಳು. ಮಾವ ಕೈಯೆತ್ತಿದರು. ಅವಳು ಬ್ರೇಕು ಒತ್ತಿದಳು. ನೀರು ಎರಡೂ ಕಡೆ ಚಿಮ್ಮಿತು. ಮುಂದಿನ ಗೆರೆ ನಿಂತಿತು. ಹಿಂದಿನ ಗೆರೆ ಇನ್ನೊಂದಿಷ್ಟು ಸುತ್ತಿ ಆಮೇಲೆ ನಿಂತಿತು. ಕಾರಿನ ಮೂಗು ಎಲ್ಲಿತ್ತೋ ಅಲ್ಲೇ ಇತ್ತು.

ಮಾವ ಕೈ ಇಳಿಸಿದರು. ಬಡಗಿ ಅವರ ಮುಖ ನೋಡಿದ. ಅವರು ಮತ್ತೆ ಕೈಯೆತ್ತಿದರು.

"ಇನ್ನೊಂದ್ಸಲ!" ಎಂದು ಅವಳೂ ಕೂಗಿದಳು. ಇನ್ನೊಂದು ಸಲ ಆಯಿತು, ಮತ್ತೊಂದು ಸಲ ಆಯಿತು. ಆಮೇಲೆ ಅದು ಪರೀಕ್ಷೆಯಾಗಿ ಉಳಿಯಲಿಲ್ಲ. ಅವಳು ಕಿಟಕಿ ಇಳಿಸಿ ನಗುತ್ತ ಬರುತ್ತಿದ್ದಳು, ಕೂದಲು ಬಿಚ್ಚಿಹೋಗಿತ್ತು. ಗುಡುಗು, "ಅಮ್ಮಾ ತಾಯಿ, ಟೈರು ಸವೆಯುತ್ತೆ!" ಎಂದು ಅರಚುತ್ತಿದ್ದ. ಮಾವ ಪ್ರತಿ ಸಲವೂ ತಪ್ಪದೆ, ನಿಲ್ದಾಣದಲ್ಲಿ ಬಸ್ಸು ನಿಲ್ಲಿಸುವವರ ಗಾಂಭೀರ್ಯದಲ್ಲಿ ಕೈಯೆತ್ತಿ ಇಳಿಸಿದರು.

ಕೊನೆಗೆ ಅವಳು ಇಳಿದು ಬಂದು ಕೀಲಿಯನ್ನು ಗಂಡನ ಕೈಯಲ್ಲಿಟ್ಟಳು. "ಅಪ್ಪನಿಗೆ ಶಾಲು ಹೊದಿಸಿ. ಗುಡ್ಡದ ಮೇಲೆ ಗಾಳಿ."

ಭಾನುವಾರ ಬೆಳಿಗ್ಗೆ ಮಾವ ಬೆನ್ನು ತಿರುಗಿಸಿ ಕೂತು, ಕಾಲೆಳೆದುಕೊಂಡು, ಬಾಗಿಲು ತಾವೇ ಮುಚ್ಚಿಕೊಂಡರು. ಗುಡ್ಡದ ರಸ್ತೆ ತುಂಬ ಹಂಪು. ಎಷ್ಟು ಮೆಲ್ಲಗೆ ಹತ್ತಿಸಿದರೂ ಕೊಯ್ದ ಸ್ಪ್ರಿಂಗು ಒಮ್ಮೊಮ್ಮೆ ಕುಕ್ಕುತ್ತಿತ್ತು. ಅದನ್ನು ಪೂರ್ತಿ ಇಲ್ಲವಾಗಿಸಲು ಗಿಡ್ಡ ಸ್ಪ್ರಿಂಗೇ ಬರಬೇಕು, ಅದು ಬಂದಾಗ ಬರುತ್ತದೆ. ಒಂದು ಹಂಪಿನ ಮೇಲೆ ಜೋರಾಗಿಯೇ ಕುಕ್ಕಿತು. ಬಡಗಿ ಕನ್ನಡಿಯಲ್ಲಿ ನೋಡಿದ.

"ನೋವಾಯ್ತಾ ಮಾವ?"

ಅವರು ಕಿಟಕಿಯಾಚೆ ನೋಡುತ್ತಿದ್ದರು. ಉತ್ತರ ಬರುವಷ್ಟರಲ್ಲಿ ಇನ್ನೊಂದು ತಿರುವು ಕಳೆಯಿತು.

"ಬಸ್ಸಿನ ಹಿಂದುಗಡೆ ಹೀಗೇ ಇರುತ್ತೆ ಅಲ್ವಾ?" ಎಂದರು. "ನಾನು ಯಾವತ್ತೂ ಮುಂದೆ. ಅವನು ಜನ್ಮವೆಲ್ಲ ಹಿಂದೇನೇ ನಿಂತಿದ್ದ. ಒಂದು ದಿನಾನೂ ಮೆಲ್ಲಗೆ ಹೋಗು ಅನ್ನಲಿಲ್ಲ."

ಬಡಗಿ ಮುಂದಿನ ಹಂಪನ್ನು ಇನ್ನೂ ಮೆಲ್ಲಗೆ ಹತ್ತಿಸಿದ.

ಕಂಡಕ್ಟರು ಗೇಟಿನಲ್ಲೇ ನಿಂತಿದ್ದರು. ಕಣ್ಣು ಸರಿಯಾಗಿ ಕಾಣದಿದ್ದರೂ ಕಾರು ನಿಂತ ಜಾಗಕ್ಕೆ ನೇರ ಬಂದು, ಬಾಗಿಲು ತೆರೆದು, "ಇಳೀರಿ ಇಳೀರಿ, ಬೇಗ ಇಳೀರಿ, ಹಿಂದೆ ಗಾಡಿ ಇದೆ," ಎಂದರು. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಮಾವ ಅವರ ಭುಜ ಹಿಡಿದು ಎದ್ದರು. ಜಗುಲಿಯ ಮೇಲೆ ಎರಡು ಕುರ್ಚಿಗಳಿದ್ದವು. ಬಡಗಿಯ ಕಣ್ಣು ತಾನಾಗಿ ಅವುಗಳ ಎತ್ತರ ಅಳೆಯಿತು. ಎರಡೂ ತೀರ ತಗ್ಗು; ಒಂದರ ಮೇಲೆ, ಮಾವನಿಗೆ ತಕ್ಕ ಎತ್ತರ ಬರುವಂತೆ, ಕಂಡಕ್ಟರು ಎರಡು ದಿಂಬುಗಳನ್ನು ಆಗಲೇ ಹಾಕಿಟ್ಟಿದ್ದರು.

"ಸಾಯಂಕಾಲ ಬರ್ತೀನಿ," ಎಂದು ಅವನು ಹೊರಟ.

ಇಳಿಜಾರಿನಲ್ಲಿ ಅವನೊಬ್ಬನೇ. ಅರ್ಧ ದಾರಿಯಲ್ಲಿ, ನೆರಳಿದ್ದು ರಸ್ತೆ ಇನ್ನೂ ಒದ್ದೆಯಾಗಿದ್ದ ತಿರುವಿನಲ್ಲಿ, ಬೇಲಿಯಿಂದ ಒಂದು ಬೆಕ್ಕು ಎದ್ದುಬಿದ್ದು ಅಡ್ಡ ಬಂತು. ಅವನು ಪೂರ್ತಿ ಬಲ ಹಾಕಿ ಒತ್ತಿದ. ಕಾರು ನೇರ ನಿಂತಿತು. ಬೆಕ್ಕು ಅವನನ್ನೊಮ್ಮೆ ನೋಡಿ ಅವಸರವಿಲ್ಲದೆ ದಾಟಿತು. ಅವನು ಎಂಜಿನು ಆರಿಸಿ ಸ್ವಲ್ಪ ಹೊತ್ತು ಅಲ್ಲೇ ಕೂತ. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹಿಂದಿನ ಸೀಟು ಖಾಲಿಯಾಗಿತ್ತು, ಕಾರಿಗೂ ಅದು ಗೊತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅವನು ಮತ್ತೆ ಗುಡ್ಡ ಹತ್ತಿದ. ಮುದುಕರಿಬ್ಬರೂ ಜಗುಲಿಯ ಮೇಲೆ ಬಿಟ್ಟುಹೋದ ಹಾಗೇ ಕೂತಿದ್ದರು. ನಡುವೆ ಎರಡು ಬರಿದಾದ ಚಹಾ ಲೋಟ. ಮಾವನ ಚಪ್ಪಲಿ ಬಿಚ್ಚಿಟ್ಟಿತ್ತು, ಶಾಲು ಕಂಡಕ್ಟರ ಹೆಗಲ ಮೇಲಿತ್ತು. ಇಬ್ಬರೂ ಕೆಳಗಿನ ರಸ್ತೆಯ ಕಡೆ ಮುಖ ಮಾಡಿದ್ದರು. ಒಬ್ಬರಿಗೆ ಅದು ಕಾಣುತ್ತಿತ್ತು, ಇನ್ನೊಬ್ಬರಿಗೆ ಕೇಳುತ್ತಿತ್ತು.

ಕಾರಿನ ಸದ್ದಿಗೆ ಕಂಡಕ್ಟರು ತಲೆಯೆತ್ತಿದರು.

"ಆಗಲೇ ಬಂದುಬಿಟ್ರಾ? ನಾವಿನ್ನೂ ಮಾತೇ ಶುರು ಮಾಡಿಲ್ಲ."

"ಮುಂದಿನ ವಾರ ಮಾಡೋಣ ಬಿಡು," ಎಂದರು ಮಾವ, ಏಳುವ ಯಾವ ಲಕ್ಷಣವನ್ನೂ ತೋರಿಸದೆ.

ಬಡಗಿ ಮೆಟ್ಟಿಲ ಮೇಲೆ ಕೂತುಕೊಂಡ.